ಯಂತ್ರಕ್ಕೆ ಮೊದಲಿನ ಕೆಲಸ: ವೈದ್ಯಕೀಯ ಪ್ರಯೋಗಾಲಯಗಳ ಸಹಾಯಕ ಉದ್ಯೋಗಗಳು

ಡೇರಿಯ ಯಂತ್ರವು ಹಾಲಿನ ಜಿಡ್ಡಿನ ಅಂಶವನ್ನು ಎಷ್ಟೇ ನಿಖರವಾಗಿ ಅಳೆದರೂ, ಮಾದರಿಯ ಸಂಖ್ಯೆ ಅದಲುಬದಲಾದರೆ ಒಬ್ಬರ ಹಾಲಿನ ಹಣ ಮತ್ತೊಬ್ಬರ ಖಾತೆಗೆ ಸೇರುತ್ತದೆ. ಮಂಡಿಕಲ್ ಹೋಬಳಿಯ ಹಾಲು ಉತ್ಪಾದಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವೈದ್ಯಕೀಯ ಪ್ರಯೋಗಾಲಯದಲ್ಲಿ ಹಾಗೆ ಅದಲುಬದಲಾಗುವುದು ಹಣವಲ್ಲ, ಚಿಕಿತ್ಸೆ. ಪ್ರಯೋಗಾಲಯದ ತಪ್ಪುಗಳ ಪೈಕಿ ಹೆಚ್ಚಿನವು ಮಾದರಿಯು ಯಂತ್ರವನ್ನು ತಲಪುವ ಮೊದಲೇ ಸಂಭವಿಸುತ್ತವೆಂಬುದು ಅಧ್ಯಯನಗಳಿಂದ ತಿಳಿದುಬಂದಿದೆ. ಆ ಹಂತವನ್ನು ನೋಡಿಕೊಳ್ಳುವ ಉದ್ಯೋಗಗಳು ಗ್ರಾಮೀಣ ಯುವಜನರ ಮತ್ತು ಸಣ್ಣ ಉದ್ಯಮಿಗಳ ಗಮನಕ್ಕೆ ಅರ್ಹವಾಗಿವೆ.

ಕೇಂದ್ರ ಸರ್ಕಾರದ ಉಚಿತ ರೋಗಪತ್ತೆ ಸೇವಾ ಕಾರ್ಯಕ್ರಮವು 2015ರಲ್ಲಿ ಆರಂಭವಾಯಿತು. ಅದರ 2019ರ ಮಾರ್ಗಸೂಚಿಯು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 63 ಬಗೆಯ, ಜಿಲ್ಲಾ ಆಸ್ಪತ್ರೆಗೆ 134 ಬಗೆಯ ಪರೀಕ್ಷೆಗಳನ್ನು ನಿಗದಿಪಡಿಸಿತು. ಕೆಳಹಂತದಲ್ಲಿ ಆಗದ ಪರೀಕ್ಷೆಗಾಗಿ ರೋಗಿಯಾದರೂ ಮೇಲಿನ ಕೇಂದ್ರಕ್ಕೆ ಹೋಗಬೇಕು, ಇಲ್ಲವೇ ಮಾದರಿಯಾದರೂ ಹೋಗಬೇಕು. ಖಾಸಗಿ ವಲಯದಲ್ಲಿಯೂ ತಾಲ್ಲೂಕು ಪಟ್ಟಣಗಳ ಸಂಗ್ರಹಣಾ ಕೇಂದ್ರಗಳಿಂದ ಮಾದರಿಗಳು ಬೆಂಗಳೂರಿನ ದೊಡ್ಡ ಪ್ರಯೋಗಾಲಯಗಳಿಗೆ ಸಾಗುತ್ತವೆ. ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ 2023ರಲ್ಲಿ ವೈದ್ಯಕೀಯ ಕಾಲೇಜೊಂದು ಉದ್ಘಾಟನೆಗೊಂಡಿರುವುದರಿಂದ ಇಂತಹ ಕೆಲಸವು ಜಿಲ್ಲೆಯೊಳಗೂ ಬೆಳೆಯುವ ಅವಕಾಶವಿದೆ.

ಮಾದರಿ ಸಂಸ್ಕರಣೆಯು ಸಮಯದೊಡನೆ ನಡೆಸುವ ಸ್ಪರ್ಧೆ. ಸಾಮಾನ್ಯ ನಳಿಕೆಯ ರಕ್ತವು ಹೆಪ್ಪುಗಟ್ಟಲು ಸುಮಾರು 30 ನಿಮಿಷ ಬೇಕು. ಬಳಿಕ ಅದನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ, ರಕ್ತ ತೆಗೆದ 2 ಗಂಟೆಗಳೊಳಗಾಗಿ ಸೀರಂ ಬೇರ್ಪಡಿಸಬೇಕು. ಬೇರ್ಪಡಿಸದೆ ಬಿಟ್ಟರೆ ಸಕ್ಕರೆಯ ಪ್ರಮಾಣವು ಗಂಟೆಗೆ ಸುಮಾರು ಶೇಕಡ 5ರಿಂದ 7ರಷ್ಟು ಇಳಿಯುತ್ತದೆ. ಮಧುಮೇಹಿಯ ವರದಿ ಆರೋಗ್ಯವಂತನದೆಂಬಂತೆ ಕಾಣಬಹುದು. ನೇರಳೆ ಮುಚ್ಚಳದ ಇಡಿಟಿಎ ನಳಿಕೆಯ ರಕ್ತ ಸ್ವಲ್ಪವೇ ಬೇರೆ ನಳಿಕೆಗೆ ಬೆರೆತರೂ ಪೊಟ್ಯಾಸಿಯಂ ಹೆಚ್ಚಾಗಿಯೂ ಕ್ಯಾಲ್ಸಿಯಂ ಕಡಿಮೆಯಾಗಿಯೂ ತೋರುತ್ತದೆ. ಇಂತಹ ಮಾದರಿಯನ್ನು ಗುರುತಿಸಿ ತಿರಸ್ಕರಿಸುವ ವಿವೇಕವೇ ಈ ನೌಕರನ ನಿಜವಾದ ಬಂಡವಾಳ.

ಮಾಹಿತಿ ವ್ಯವಸ್ಥೆಯ ಕೆಲಸವೂ ಇಷ್ಟೇ ಹೊಣೆಗಾರಿಕೆಯದು. ನಳಿಕೆಗೆ ಬಾರ್‌ಕೋಡ್ ಅಂಟಿಸುವುದು, ರೋಗಿಯ ಹೆಸರಿನೊಡನೆ ಮತ್ತೊಂದು ಗುರುತನ್ನು ತಾಳೆ ನೋಡುವುದು, ಯಂತ್ರದ ಫಲಿತಾಂಶ ಸರಿಯಾದ ದಾಖಲೆಗೆ ಸೇರುವಂತೆ ನೋಡಿಕೊಳ್ಳುವುದು ಇದರಲ್ಲಿ ಸೇರಿವೆ. 2020ರ ಮಾರ್ಚ್‌ನಲ್ಲಿ ಗೌರಿಬಿದನೂರಿನಲ್ಲಿ ಕೋವಿಡ್ ಪ್ರಕರಣಗಳು ದೃಢಪಟ್ಟವು. ಆ ಬಳಿಕ ಎಸ್‌ಆರ್‌ಎಫ್ ಸಂಖ್ಯೆ ಎಂಬ ಪದ ಮನೆಮಾತಾಯಿತು. ಗಂಟಲ ದ್ರವದ ಮಾದರಿಯನ್ನೂ ವರದಿಯನ್ನೂ ಒಬ್ಬನೇ ವ್ಯಕ್ತಿಗೆ ಜೋಡಿಸುತ್ತಿದ್ದ ಕೊಂಡಿ ಆ ಸಂಖ್ಯೆಯೇ ಆಗಿತ್ತು. ದೂರವಾಣಿ ಸಂಖ್ಯೆಯ ಒಂದು ಅಂಕಿ ತಪ್ಪಿದರೂ ಸೋಂಕಿತನನ್ನು ಹುಡುಕುವುದು ಕಷ್ಟವಾಗುತ್ತಿತ್ತು.

ಪರೀಕ್ಷೆ ನಡೆಸುವ ತಂತ್ರಜ್ಞರಿಗೆ ಪ್ರಯೋಗಾಲಯ ತಂತ್ರಜ್ಞಾನದ ಡಿಪ್ಲೊಮಾ ಅಥವಾ ಪದವಿ ಅಗತ್ಯ. ಮಾದರಿ ಸಾಗಣೆ, ಸ್ವೀಕಾರ, ದತ್ತಾಂಶ ನಮೂದು ಮೊದಲಾದ ಕೆಲಸಗಳಿಗೆ ಗಣಕಯಂತ್ರದ ಜ್ಞಾನ, ಶಿಸ್ತು ಹಾಗೂ ಸೂಕ್ತ ತರಬೇತಿಯೊಡನೆ ಪ್ರವೇಶ ಸಾಧ್ಯ. ವೈದ್ಯಕೀಯ ಪ್ರಯೋಗಾಲಯ ವೃತ್ತಿ ಮತ್ತು ಆರೋಗ್ಯ ಮಾಹಿತಿ ನಿರ್ವಹಣೆ, ಇವೆರಡಕ್ಕೂ 2021ರ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯಲ್ಲಿ ಪ್ರತ್ಯೇಕ ಸ್ಥಾನ ದೊರೆತಿದೆ.

ವರ್ತಕರಿಗೂ ಸಣ್ಣ ಕೈಗಾರಿಕೆಗಳಿಗೂ ಇಲ್ಲಿ ಅವಕಾಶಗಳುಂಟು. ಶೀತಲ ಪೆಟ್ಟಿಗೆ, ನಳಿಕೆ ಸ್ಟ್ಯಾಂಡು, ಬಾರ್‌ಕೋಡ್ ಲೇಬಲ್, ಯುಪಿಎಸ್ ದುರಸ್ತಿ, ಸಾಗಣೆ ವಾಹನ, ಇವೆಲ್ಲವೂ ನಿತ್ಯದ ಅಗತ್ಯಗಳು. ಆದರೆ ಈ ಮಾರುಕಟ್ಟೆಯಲ್ಲಿ ಅಗ್ಗದ ಬೆಲೆಯೊಂದೇ ಸಾಲದು. 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಕಳಚಿ ಬೀಳುವ ಲೇಬಲ್, ಮಧ್ಯಾಹ್ನದ ಬಿಸಿಲಿಗೆ ತಂಪು ಕಳೆದುಕೊಳ್ಳುವ ಪೆಟ್ಟಿಗೆ ಕೊಂಡವನಿಗೆ ಮಾತ್ರವಲ್ಲ, ಮುಖವನ್ನೇ ಕಾಣದ ರೋಗಿಗೂ ನಷ್ಟ ತರುತ್ತದೆ. ಸರಕನ್ನು ಮೊದಲು ಪ್ರಯೋಗಾಲಯದವರ ಕೈಗಿತ್ತು ಪರೀಕ್ಷಿಸಿ, ಅವರು ಒಪ್ಪಿದ ಬಳಿಕವೇ ಬೆಲೆ ನಿಗದಿಪಡಿಸುವ ಉದ್ಯಮಿಗೆ ಈ ವ್ಯಾಪಾರವು ದೀರ್ಘಕಾಲ ನಿಲ್ಲುತ್ತದೆ.