ಯಂತ್ರಕ್ಕೆ ಅಕ್ಷರಾಭ್ಯಾಸ

ಮನುಷ್ಯನ ನೋವು ನಲಿವುಗಳನ್ನರಿಯುವ ಯಂತ್ರವನ್ನು ನಿರ್ಮಿಸಲು ವಿಜ್ಞಾನಿಗಳು ಇಂದು ಶ್ರಮಿಸುತ್ತಿದ್ದಾರೆ. ಮನಸ್ಸನ್ನರಿಯುವ ಮೊದಲು ಮಾತನ್ನರಿಯಬೇಕು. ಮಾತಿಗೂ ಮೊದಲು ಅಕ್ಷರವನ್ನು. ಗಣಕಯಂತ್ರಕ್ಕೆ ಕನ್ನಡದ ಅಕ್ಷರಾಭ್ಯಾಸ ಮಾಡಿಸಿದವರಲ್ಲಿ ಅಗ್ರಗಣ್ಯರು ಕೆ. ಪಿ. ರಾವ್.

1940ರಲ್ಲಿ ಮಂಗಳೂರಿನ ಬಳಿಯ ಕಿನ್ನಿಕಂಬಳದಲ್ಲಿ ಜನಿಸಿದ ರಾಯರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದುಡಿದರು. ಐರಾವತಂ ಮಹಾದೇವನ್ನರು 1977ರಲ್ಲಿ ಪ್ರಕಟಿಸಿದ ಸಿಂಧೂ ಲಿಪಿಯ ಗ್ರಂಥದ ಅಕ್ಷರಜೋಡಣೆಗೂ ನೆರವಾದರು. ಬಳಿಕ ಮೊನೊಟೈಪ್ ಸಂಸ್ಥೆಯಲ್ಲಿ ಭಾರತೀಯ ಲಿಪಿಗಳ ಮುದ್ರಣಕಾರ್ಯದಲ್ಲಿ ತೊಡಗಿದರು.

ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳು ನೂರಾರು; ಇಂಗ್ಲಿಷ್ ಅಕ್ಷರದ ಕೀಲಿಗಳು ಕೇವಲ 26. ರಾಯರು ಕಂಡ ಉಪಾಯ ಸರಳವಾದುದು. 'ಕ'ಕಾರವನ್ನೊತ್ತಿ 'ಇ'ಕಾರವನ್ನೊತ್ತಿದರೆ 'ಕಿ' ಮೂಡುತ್ತದೆ. ಬರೆಯುವವರು ಉಚ್ಚಾರದ ಕ್ರಮದಲ್ಲಿ ಒತ್ತಿದರಾಯಿತು. ರೂಪವನ್ನು ಕೂಡಿಸುವ ಕಷ್ಟ ಯಂತ್ರಕ್ಕೇ ಸೇರಿದ್ದು. ಈ ಕೀಲಿಮಣೆಗೆ ಅವರು ಬೆಲೆ ಕಟ್ಟಲಿಲ್ಲ, ನಾಡಿಗೆ ಉಚಿತವಾಗಿ ಕೊಟ್ಟರು. ಕರ್ನಾಟಕ ಸರ್ಕಾರ ಅಲ್ಪ ಮಾರ್ಪಾಡಿನೊಡನೆ ಅದನ್ನು ಅಂಗೀಕರಿಸಿತು. 'ನುಡಿ' ತಂತ್ರಾಂಶದಲ್ಲಿ ಅದು ನೆಲೆಗೊಂಡಿತು.

ಕರಾವಳಿಯ ಪಂಡಿತರ ಈ ಕೊಡುಗೆ ರಾಜ್ಯದ ಉತ್ತರದ ತುದಿಯಾದ ಬೀದರ ಜಿಲ್ಲೆಗೂ ಸಲ್ಲುತ್ತದೆ. ಮರಾಠಿ, ಉರ್ದು, ತೆಲುಗುಗಳ ನೆರೆಯಲ್ಲಿ ಕನ್ನಡ ಕಲಿಯುವ ಭಾತಂಬ್ರಾದ ಬಾಲಕನಿಗೂ ತನ್ನ ನುಡಿಯನ್ನು ಬರೆಯಲು ಆ ಕೀಲಿಗಳೇ ಸಾಕು.