ಹಬೆಯ ಕೊಳವೆಯಲ್ಲಿ ಬಿಲ್ಲೆಯ ಟ್ರ್ಯಾಪು

ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ಕುಚ್ಚಲಕ್ಕಿಯ ಗಿರಣಿಗಳೂ ಗೇರುಬೀಜದ ಕಾರ್ಖಾನೆಗಳೂ ಹಬೆಯನ್ನು ನೆಚ್ಚಿಕೊಂಡ ಉದ್ಯಮಗಳಾಗಿವೆ. ಭತ್ತವನ್ನು ಬೇಯಿಸುವುದಕ್ಕೂ, ಗೇರುಬೀಜದ ಗಟ್ಟಿ ಸಿಪ್ಪೆಯನ್ನು ಒಡೆಯಲು ಹದಗೊಳಿಸುವುದಕ್ಕೂ ಬಾಯ್ಲರಿನ ಹಬೆ ಬೇಕು. ಆದರೆ ಬಾಯ್ಲರಿನಿಂದ ಹೊರಟುದೆಲ್ಲವೂ ಹಬೆಯಾಗಿಯೇ ಗುರಿ ಮುಟ್ಟುವುದಿಲ್ಲ. ಕೊಳವೆಯ ಮೈಯಿಂದ ಶಾಖವು ಸೋರಿದಂತೆಲ್ಲ ಹಬೆಯ ಒಂದಂಶ ನೀರಾಗಿ ತಳದಲ್ಲಿ ನಿಲ್ಲುತ್ತದೆ. ಅದನ್ನು ಹಾಗೆಯೇ ಬಿಟ್ಟರೆ, ರಭಸದಿಂದ ಸಾಗುವ ಹಬೆಯು ಆ ನೀರನ್ನು ಒಟ್ಟುಗೂಡಿಸಿ ಮುಂದಕ್ಕೆ ತಳ್ಳಿ ಕೊಳವೆಯ ತಿರುವಿಗೋ ಕವಾಟಕ್ಕೋ ಅಪ್ಪಳಿಸುತ್ತದೆ. ಎರಕದ ಕಬ್ಬಿಣವನ್ನು ಸೀಳಬಲ್ಲ, ಪಕ್ಕದಲ್ಲಿ ನಿಂತವನ ಪ್ರಾಣಕ್ಕೇ ಎರವಾಗಬಲ್ಲ ಹೊಡೆತವದು. ಆದುದರಿಂದ ನೀರನ್ನು ಹೊರಬಿಡಬೇಕು, ಹಬೆಯನ್ನು ಬಿಡಕೂಡದು. ಈ ವಿವೇಚನೆಯನ್ನು ತಾನಾಗಿ ಮಾಡುವ ಉಪಕರಣವೇ ಸ್ಟೀಮ್ ಟ್ರ್ಯಾಪು. ಅದನ್ನು ಬೋನು ಎಂದು ಕನ್ನಡಿಸಬಹುದಾದರೂ, ಫಿಟ್ಟರುಗಳ ಬಾಯಲ್ಲಿರುವ ಹೆಸರನ್ನೇ ಇಲ್ಲಿ ಉಳಿಸಿಕೊಂಡಿದೆ.

ಟ್ರ್ಯಾಪುಗಳಲ್ಲಿ ಹಲವು ಬಗೆಗಳುಂಟು. ಬಿಲ್ಲೆಯ ಟ್ರ್ಯಾಪು ಅವುಗಳಲ್ಲಿ ಅತ್ಯಂತ ಸರಳವಾದುದು. ಚಲಿಸುವ ಭಾಗವೆಂದರೆ ನಾಣ್ಯದಂತಹ ಒಂದು ಉಕ್ಕಿನ ಬಿಲ್ಲೆ ಮಾತ್ರ. ನಡುವೆ ಒಳಬರುವ ರಂಧ್ರ, ಅದರ ಸುತ್ತ ಹೊರಹೋಗುವ ದಾರಿ, ಇವೆರಡನ್ನೂ ಮುಚ್ಚುವಂತೆ ಪೀಠದ ಮೇಲೆ ಕುಳಿತ ಬಿಲ್ಲೆ, ಅದರ ಮೇಲೆ ಟೊಪ್ಪಿಗೆಯಂತಹ ಮುಚ್ಚಳದೊಳಗೆ ಕಿರಿದಾದ ಕೋಣೆ. ಸ್ಪ್ರಿಂಗೂ ಇಲ್ಲ, ಸನ್ನೆಯೂ ಇಲ್ಲ.

ತಣ್ಣಗಿನ ನೀರು ಬಂದಾಗ ಅದರ ಒತ್ತಡವು ಬಿಲ್ಲೆಯನ್ನು ಎತ್ತುತ್ತದೆ, ನೀರು ಹರಿದುಹೋಗುತ್ತದೆ. ಅದರ ಹಿಂದೆ ಹಬೆಯಷ್ಟೇ ಬಿಸಿಯಾದ ನೀರು ಬಂದಾಗ ಸಂಗತಿ ಬೇರೆ. ವಾಯುಮಂಡಲದ ಒತ್ತಡಕ್ಕಿಂತ 7 ಪಟ್ಟು ಅಧಿಕವಾದ ಒತ್ತಡದ ಕೊಳವೆಯಲ್ಲಿ ನೀರು ಸುಮಾರು 170 ಡಿಗ್ರಿ ಸೆಂಟಿಗ್ರೇಡಿನವರೆಗೂ ಕುದಿಯದೆ ಇರಬಲ್ಲದು. ಒತ್ತಡವು ಒಮ್ಮೆಲೇ ವಾಯುಮಂಡಲದ ಮಟ್ಟಕ್ಕೆ ಇಳಿದರೆ ಆ ನೀರಿನ ನೂರರಲ್ಲಿ ಸುಮಾರು 13 ಪಾಲು ಮತ್ತೆ ಹಬೆಯಾಗಿ ಸಿಡಿಯುತ್ತದೆ. ಇದನ್ನು ಮರುಹಬೆ ಎನ್ನೋಣ. ಮರುಹಬೆಯು ಬಿಲ್ಲೆಯ ಅಡಿಯಲ್ಲಿ ಅತಿ ವೇಗವಾಗಿ ನುಸುಳುವಾಗ ಅಲ್ಲಿನ ಒತ್ತಡ ಕುಗ್ಗುತ್ತದೆ. 1738ರಲ್ಲಿ ಡೇನಿಯಲ್ ಬರ್ನೌಲಿಯು ದ್ರವಗಳ ವಿಷಯವಾಗಿ ಪ್ರಕಟಿಸಿದ ತತ್ತ್ವದ ದೃಷ್ಟಾಂತವಿದು. ತರಗತಿಯಲ್ಲಿ ಎರಡು ಕಾಗದಗಳ ನಡುವೆ ಊದಿ ತೋರಿಸುವುದೂ ಇದನ್ನೇ. ಬಿಲ್ಲೆಯು ಕೆಳಕ್ಕೆ ಸೆಳೆಯಲ್ಪಡುತ್ತದೆ. ಅಂಚಿನಿಂದ ಮೇಲಿನ ಕೋಣೆಗೆ ನುಗ್ಗಿದ ಮರುಹಬೆ ಅದನ್ನು ಒತ್ತಿ ಕೂರಿಸುತ್ತದೆ.

ಮೇಲಿನ ಒತ್ತಡವು ಕೆಳಗಿನದಕ್ಕಿಂತ ಕಡಿಮೆಯಾಗಿದ್ದರೂ ಬಿಲ್ಲೆ ಮುಚ್ಚಿಯೇ ಇರುವುದೇಕೆ? ಕೆಳಗಿನ ಒತ್ತಡವು ಒಳರಂಧ್ರದಷ್ಟು ಜಾಗದ ಮೇಲೆ ಮಾತ್ರ ಬೀಳುತ್ತದೆ, ಮೇಲಿನದು ಇಡೀ ಬಿಲ್ಲೆಯ ಮೇಲೆ. ಬಿಲ್ಲೆಯ ವ್ಯಾಸವು ರಂಧ್ರದ ಇಮ್ಮಡಿಯಾಗಿದ್ದರೆ ವಿಸ್ತೀರ್ಣವು ನಾಲ್ಮಡಿ. ಆಗ ಕಾಲುಭಾಗದ ಒತ್ತಡವೇ ಹೆಚ್ಚುಕಡಿಮೆ ಸಾಕು. ಕೋಣೆಯಲ್ಲಿ ಸಿಕ್ಕಿದ ಹಬೆ ಮುಚ್ಚಳದ ಮೂಲಕ ಶಾಖ ಕಳೆದುಕೊಂಡು ನೀರಾದಾಗ ಬಿಲ್ಲೆ ಮತ್ತೆ ಮೇಲೇಳುತ್ತದೆ.

ಇಲ್ಲಿಯೇ ನಮ್ಮ ಸೀಮೆಗೆ ಸಂಬಂಧಿಸಿದ ವಿಶೇಷವಿದೆ. ಟ್ರ್ಯಾಪು ಯಾವಾಗ ತೆರೆಯಬೇಕೆಂಬುದನ್ನು ನಿರ್ಣಯಿಸುವುದು ಕೂಡಿದ ನೀರಿನ ಪ್ರಮಾಣವಲ್ಲ, ಮುಚ್ಚಳ ತಣಿಯುವ ವೇಗ. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಈ ನಾಡಿನಲ್ಲಿ, ಬಯಲಿನಲ್ಲಿಟ್ಟ ಟ್ರ್ಯಾಪಿನ ಮುಚ್ಚಳದ ಮೇಲೆ ಆಷಾಢದ ಮಳೆ ಸುರಿದರೆ ಕೋಣೆಯ ಹಬೆ ಕ್ಷಣಮಾತ್ರದಲ್ಲಿ ಕರಗುತ್ತದೆ. ನೀರು ಕೂಡುವ ಮೊದಲೇ ಬಿಲ್ಲೆ ಏಳುತ್ತದೆ. ಮತ್ತೆ ಮುಚ್ಚಿಕೊಳ್ಳಲು ಕೊಳವೆಯ ಹೊಸ ಹಬೆಯನ್ನೇ ತಿನ್ನುತ್ತದೆ. ಅಂಗಳದಲ್ಲಿ ಬಿಸಿಲಿಲ್ಲದೆ, ಬೇಯಿಸಿದ ಭತ್ತವನ್ನು ಹಬೆಯಿಂದ ಕಾಯಿಸಿದ ಗಾಳಿಯಲ್ಲಿ ಒಣಗಿಸಬೇಕಾಗುವುದೂ, ಉಮಿಯೂ ಸೌದೆಯೂ ಒದ್ದೆಯಾಗುವುದೂ ಅದೇ ತಿಂಗಳುಗಳಲ್ಲಿ ಎಂಬುದನ್ನು ಮರೆಯಲಾಗದು.

ಪರಿಹಾರ ಸುಲಭ: ಟ್ರ್ಯಾಪಿನ ಮೇಲೊಂದು ಮಾಡು, ಇಲ್ಲವೇ ಮುಚ್ಚಳಕ್ಕೊಂದು ತೆಳುವಾದ ಲೋಹದ ಹೊರಟೊಪ್ಪಿಗೆ. ಅತಿ ಉತ್ಸಾಹದಿಂದ ಮುಚ್ಚಳಕ್ಕೆ ದಪ್ಪನಾದ ಶಾಖನಿರೋಧಕವನ್ನು ಸುತ್ತುವುದು ಮಾತ್ರ ತಪ್ಪು. ಆಗ ಕೋಣೆ ತಣಿಯುವುದೇ ಇಲ್ಲ, ನೀರು ಕೊಳವೆಯಲ್ಲಿ ನಿಂತುಬಿಡುತ್ತದೆ. ಒಣಗಿಸುವ ಯಂತ್ರದ ಶಾಖಸುರುಳಿಗೆ ತೇಲುಗುಂಡಿನ ಟ್ರ್ಯಾಪೇ ಮೇಲೆಂದು ನಮ್ಮ ಅಭಿಪ್ರಾಯ. ಬಿಲ್ಲೆಯ ಟ್ರ್ಯಾಪಿಗೆ ಮುಖ್ಯ ಕೊಳವೆಯ ತಗ್ಗುಗಳೇ ತಕ್ಕ ಸ್ಥಾನ. ಒತ್ತಡ ತೀರ ಕಡಿಮೆಯಿರುವಲ್ಲಿ ಅದು ಸರಿಯಾಗಿ ದುಡಿಯದು.

ಪರೀಕ್ಷೆಗೆ ಉದ್ದನೆಯ ಸ್ಕ್ರೂಡ್ರೈವರೊಂದೇ ಸಾಕು. ಅದರ ತುದಿಯನ್ನು ಮುಚ್ಚಳಕ್ಕೂ ಹಿಡಿಯನ್ನು ಕಿವಿಗೂ ಆನಿಸಿದರೆ, ಬಿಲ್ಲೆ ಕೂರುವ ‘ಟಕ್’ ಎಂಬ ಸದ್ದು ಬಿಡಿಬಿಡಿಯಾಗಿ ಕೇಳಬೇಕು. ಮಳೆಯಿಲ್ಲದ ದಿನವೂ ಅದು ಪಟಪಟನೆ ಬಡಿಯುತ್ತಿದ್ದರೆ ಬಿಲ್ಲೆಯೋ ಪೀಠವೋ ಸವೆದಿದೆಯೆಂದು ತಿಳಿದು, ಹಬೆಯನ್ನು ನಿಲ್ಲಿಸಿ, ಮುಚ್ಚಳ ಬಿಚ್ಚಿ ನೋಡತಕ್ಕದ್ದು.