ಸ್ನಾಯುವಿನ ಸುಷುಪ್ತಿ

ಒಬ್ಬರು ಒರಗುಕುರ್ಚಿಯಲ್ಲಿ ಕಾಲು ಚಾಚಿ ಕುಳಿತು ರೇಡಿಯೋ ಕೇಳುತ್ತಿದ್ದಾರೆ ಎನ್ನೋಣ. ಅವರ ತೊಡೆಯ ಸ್ನಾಯು ಈಗ ಏನು ಮಾಡುತ್ತಿದೆ ಎಂದು ಕೇಳಿದರೆ, ‘ಏನೂ ಇಲ್ಲ, ಸುಮ್ಮನಿದೆ’ ಎಂಬುದೇ ಎಲ್ಲರ ಉತ್ತರ. ಆದರೆ ಸ್ನಾಯುವಿಗೆ ಸುಮ್ಮನಿರುವುದು ಸುಲಭದ ಕೆಲಸವಲ್ಲ. ಅದಕ್ಕೂ ಒಂದು ಅಂಗವಿನ್ಯಾಸ ಬೇಕು. ಆ ವಿನ್ಯಾಸ ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು ಈ ಶತಮಾನದಲ್ಲಿ.

ಸ್ನಾಯುತಂತುವಿನೊಳಗೆ ಎರಡು ಬಗೆಯ ಎಳೆಗಳಿವೆ. ತೆಳುವಾದದ್ದು ಆಕ್ಟಿನ್ ಎಂಬ ಪ್ರೋಟೀನಿನದು, ದಪ್ಪನೆಯದು ಮಯೊಸಿನ್ನಿನದು. ಇವು ಒಂದರ ಪಕ್ಕದಲ್ಲೊಂದು ಜಾರುವುದರಿಂದಲೇ ಸ್ನಾಯು ಕುಗ್ಗುತ್ತದೆಂದು 1954ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ತೋರಿಸಿದವು. ಎರಡರಲ್ಲೂ ಒಬ್ಬೊಬ್ಬ ಹಕ್ಸ್ಲಿ ಇದ್ದರು, ಇಬ್ಬರೂ ಬಂಧುಗಳಲ್ಲ. ಒಂದು ದಪ್ಪ ಎಳೆಯಲ್ಲಿ ಸುಮಾರು 300 ಮಯೊಸಿನ್ ಅಣುಗಳಿರುತ್ತವೆ. ಪ್ರತಿಯೊಂದಕ್ಕೂ ನೀಳವಾದ ಒಂದು ಬಾಲ, ಎರಡು ತಲೆ. ಎ.ಟಿ.ಪಿ. ಎಂಬ ಇಂಧನವನ್ನು ಒಡೆದು, ಆ ಬಲದಿಂದ ಆಕ್ಟಿನ್ನನ್ನು ಹಿಡಿದು ಎಳೆಯುವುದು ತಲೆಗಳ ಕಾಯಕ.

ಹಾಗಾದರೆ ವಿಶ್ರಾಂತಿಯಲ್ಲಿ ಇದನ್ನು ತಡೆಯುವವರು ಯಾರು? ಜಪಾನಿನ ಎಬಾಶಿ ಮೊದಲಾದವರ ಶೋಧನೆಗಳಿಂದ ಒಂದು ಉತ್ತರ ದೊರೆತಿತ್ತು. ಕ್ಯಾಲ್ಸಿಯಂ ಬರುವವರೆಗೂ ಆಕ್ಟಿನ್ನಿನ ಮೇಲೆ ಬೇರೊಂದು ಪ್ರೋಟೀನ್ ಅಡ್ಡ ಮಲಗಿ ತಲೆಗಳಿಗೆ ದಾರಿ ಕೊಡುವುದಿಲ್ಲ. ದಾರಿಗೆ ಗೇಟು ಹಾಕಿದ್ದಾಯಿತು, ನಿಜ. ಆದರೆ ಗೇಟಿನ ಮುಂದೆ ನಿಂತ ಲಾರಿಯ ಎಂಜಿನ್ನು ಆರುವುದಿಲ್ಲವಷ್ಟೆ. ಸ್ನಾಯುವಿನಿಂದ ಬೇರ್ಪಡಿಸಿ ಗಾಜಿನ ನಳಿಗೆಯಲ್ಲಿಟ್ಟ ಮಯೊಸಿನ್, ಆಕ್ಟಿನ್ನಿನ ಸಂಗವಿಲ್ಲದೆಯೂ ಇಂಧನವನ್ನು ಸುಡುತ್ತದೆ. ನಮ್ಮ ಮೈಯಲ್ಲಿರುವ ಮಯೊಸಿನ್ನೆಲ್ಲ ಅದೇ ವೇಗದಲ್ಲಿ ಸುಡುವುದಾದರೆ, ವಿಶ್ರಾಂತ ಸ್ನಾಯುವಿನ ಖರ್ಚು ಈಗಿರುವುದಕ್ಕಿಂತ ಬಹುಪಾಲು ಹೆಚ್ಚಾಗಬೇಕಿತ್ತು. ಲೆಕ್ಕ ತಾಳೆಯಾಗುತ್ತಿರಲಿಲ್ಲ.

ಗುಟ್ಟು ಹೊರಬಿದ್ದದ್ದು ಒಂದು ಜೇಡದಿಂದ. 2001ರಲ್ಲಿ ಕರುಳು, ರಕ್ತನಾಳಗಳ ಗೋಡೆಯಲ್ಲಿರುವಂಥ ಅನೈಚ್ಛಿಕ ಸ್ನಾಯುವಿನ ಮಯೊಸಿನ್ನಿನಲ್ಲಿ ಅದರ ಮೊದಲ ಸುಳಿವು ಸಿಕ್ಕಿತ್ತು. 2005ರಲ್ಲಿ ಅಮೆರಿಕದ ರೋಜರ್ ಕ್ರೇಗ್, ವೆನಿಜುವೆಲಾದ ರಾಉಲ್ ಪಾದ್ರೋನ್ ಮತ್ತು ಸಂಗಡಿಗರು ಟರಂಟುಲಾ ಎಂಬ ದೈತ್ಯ ಜೇಡದ ದಪ್ಪ ಎಳೆಗಳನ್ನು ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಜೇಡವೇ ಏಕೆಂದರೆ, ಅದರ ಎಳೆಗಳಲ್ಲಿ ತಲೆಗಳ ಸಾಲು ಬಹಳ ಅಚ್ಚುಕಟ್ಟು. ಎರಡು ತಲೆ ಎಂದೊಡನೆ ನಮಗೆ ಗಂಡಭೇರುಂಡ ನೆನಪಾಗುವುದು ಸಹಜ. ಆ ಹಕ್ಕಿಯ ತಲೆಗಳು ಪರಸ್ಪರ ವಿಮುಖ, ಇಲ್ಲಿ ಹಾಗಲ್ಲ. ಎರಡೂ ತಲೆಗಳು ಹಿಂದಕ್ಕೆ ಬಾಗಿ ತಮ್ಮದೇ ಬಾಲದ ಮೇಲೆ ಒರಗಿವೆ. ಒಂದು ತಲೆ ಆಕ್ಟಿನ್ನನ್ನು ಹಿಡಿಯಬೇಕಾದ ತನ್ನ ಮುಖವನ್ನೇ ಇನ್ನೊಂದರ ಮೈಗೆ ಒತ್ತಿಕೊಂಡಿದೆ. ಅದಕ್ಕೆ ಹಿಡಿಯುವ ಬಾಯಿಯಿಲ್ಲ. ಒತ್ತಿಸಿಕೊಂಡ ಇನ್ನೊಂದು ತಲೆಗೆ ತನ್ನ ಕೀಲನ್ನು ತಿರುಗಿಸಲು ಎಡೆಯಿಲ್ಲ. ಕೀಲು ತಿರುಗದೆ ಇಂಧನ ಒಡೆಯುವ ಚಕ್ರ ಮುಂದೆ ಸಾಗದು. ಒಂದನ್ನೊಂದು ಕಟ್ಟಿಹಾಕಿ ಎರಡೂ ಮಲಗಿವೆ.

2010ರಲ್ಲಿ ರೋಜರ್ ಕುಕ್ ಅವರ ತಂಡ ಲೆಕ್ಕದ ಗಂಟನ್ನೂ ಬಿಡಿಸಿತು. ವಿಶ್ರಾಂತ ಸ್ನಾಯುವಿನಲ್ಲಿ ಕೆಲವು ತಲೆಗಳು ಒಂದು ಎ.ಟಿ.ಪಿ. ಅಣುವನ್ನು ಅರ್ಧ ನಿಮಿಷದೊಳಗೆ ಮುಗಿಸುತ್ತವೆ. ಮತ್ತೆ ಕೆಲವು ಅದಕ್ಕೆ ಸುಮಾರು 230 ಸೆಕೆಂಡು, ಅಂದರೆ ಹತ್ತಿರ ಹತ್ತಿರ 4 ನಿಮಿಷ, ತೆಗೆದುಕೊಳ್ಳುತ್ತವೆ. ದುಡಿಯುವ ತಲೆ, ದುಡಿಯದೆ ತೂಗಾಡುವ ತಲೆ, ಮಡಿಸಿಕೊಂಡು ಮಲಗಿದ ತಲೆ ಎಂದು ಮೂರು ಅವಸ್ಥೆಗಳಾದವು. ಜಾಗ್ರತ್, ಸ್ವಪ್ನ, ಸುಷುಪ್ತಿ ಎಂಬ ಹಳೆಯ ಹೆಸರುಗಳನ್ನು ಇವುಗಳಿಗೆ ಎರವಲು ಕೊಡಲು ನನಗೆ ಆಸೆ. ಹೋಲಿಕೆ ಹೆಸರಿನ ಮಟ್ಟಿಗಷ್ಟೇ. ವೇದಾಂತಕ್ಕೆ ಇದು ಪುರಾವೆಯೆಂದು ಯಾರೂ ಭಾವಿಸಬೇಕಾಗಿಲ್ಲ.

ಮಲಗಿದವರನ್ನು ಎಬ್ಬಿಸುವುದು ಹೇಗೆ? ಕ್ಯಾಲ್ಸಿಯಂ ಬಂದು ದಾರಿ ತೆರೆದಾಗ, ಕಾವಲಿಗೆಂದು ಎದ್ದಿರುವ ಕೆಲವೇ ತಲೆಗಳು ಮೊದಲು ಎಳೆಯುತ್ತವೆ. ಭಾರ ಹಗುರವಾಗಿದ್ದರೆ ಅಷ್ಟೇ ಸಾಕು. ಭಾರ ಹೆಚ್ಚಾದರೆ ದಪ್ಪ ಎಳೆಯೇ ಬಿಗಿದು, ಆ ಬಿಗಿತವೇ ಉಳಿದವನ್ನು ಎಬ್ಬಿಸುತ್ತದೆ. ಇಟಲಿ ಮತ್ತು ಇಂಗ್ಲೆಂಡಿನ ಸಂಶೋಧಕರು ಇದನ್ನು 2015ರಲ್ಲಿ ತೋರಿಸಿದರು.

ಈ ನಿದ್ರೆ ಕೆಟ್ಟರೆ ಆಗುವ ಅನಾಹುತ ಹೃದಯದಲ್ಲಿ ಕಾಣುತ್ತದೆ. ಸುಮಾರು 500 ಜನರಲ್ಲಿ ಒಬ್ಬರಿಗೆ ಹೃದಯದ ಗೋಡೆ ಅಕಾರಣವಾಗಿ ದಪ್ಪಗಾಗುವ ಅನುವಂಶಿಕ ರೋಗವಿರುತ್ತದೆ. ಆಟದ ಬಯಲಿನಲ್ಲಿ ತರುಣರು ಹಠಾತ್ತನೆ ಕುಸಿದು ಸಾಯುವುದಕ್ಕೆ ಇದೂ ಒಂದು ಕಾರಣ. ಇಂಥ ಹಲವರಲ್ಲಿ, ಮಲಗಬೇಕಾದ ತಲೆಗಳು ಎದ್ದೇ ಇರುತ್ತವೆ. ಹೃದಯ ಅತಿಯಾಗಿ ಬಿಗಿಯುತ್ತದೆ, ಸರಿಯಾಗಿ ಸಡಿಲುವುದಿಲ್ಲ. ತಲೆಗಳನ್ನು ಮಲಗಿಸಿಡಲು ನೆರವಾಗುವ ‘ಮಯೊಸಿನ್ ಬಂಧಕ ಸಿ’ ಎಂಬ ಇನ್ನೊಂದು ಪ್ರೋಟೀನಿದೆ. ಅದರ ಜೀನಿನಲ್ಲಿ 25 ಅಕ್ಷರಗಳು ಲೋಪವಾಗಿರುವ ಒಂದು ಪಾಠ ಭಾರತ ಉಪಖಂಡದ ಶೇಕಡಾ 4ರಷ್ಟು ಜನರಲ್ಲಿದೆ ಎಂದೂ, ಅದು ಇಳಿವಯಸ್ಸಿನಲ್ಲಿ ಹೃದಯ ಸೋಲುವ ಸಂಭವವನ್ನು ಹೆಚ್ಚಿಸುತ್ತದೆ ಎಂದೂ, ಹೈದರಾಬಾದಿನ ವಿಜ್ಞಾನಿಗಳೂ ಸೇರಿದ್ದ ತಂಡವೊಂದು 2009ರಲ್ಲಿ ಪ್ರಕಟಿಸಿತು. ಪಾಠಾಂತರಗಳೊಡನೆ ಆಯುಷ್ಯ ಕಳೆದ ನನ್ನಂಥವನಿಗೆ, 25 ಅಕ್ಷರಗಳ ಲೋಪ ಇಷ್ಟು ದುಬಾರಿಯಾದೀತೆಂದು ತಿಳಿದಿರಲಿಲ್ಲ.

ಗೋಡೆ ದಪ್ಪಗಾಗಿ ರಕ್ತದ ಹರಿವಿಗೇ ಅಡ್ಡಿಯಾದ ರೋಗಿಗಳಿಗಾಗಿ 2022ರಲ್ಲಿ ಅಮೆರಿಕದಲ್ಲಿ ಮಾವಕಾಂಟೆನ್ ಎಂಬ ಗುಳಿಗೆಗೆ ಅನುಮತಿ ದೊರೆಯಿತು. ಅದು ಮಯೊಸಿನ್ನಿಗೆ ಅಂಟಿಕೊಂಡು, ಮಡಿಸಿದ ಭಂಗಿಯಲ್ಲೇ ಹೆಚ್ಚು ತಲೆಗಳು ಉಳಿಯುವಂತೆ ಮಾಡುತ್ತದೆ. ಪ್ರಮಾಣ ಮೀರಿದರೆ ಹೃದಯದ ಬಲವೇ ಕುಂದುವುದರಿಂದ, ಅದನ್ನು ಸೇವಿಸುವವರು ಎಕೋ ಪರೀಕ್ಷೆಯನ್ನು ನಿಯತವಾಗಿ ಮಾಡಿಸಿಕೊಳ್ಳುತ್ತಿರಬೇಕು.